ಲೂರ್ದಮ್ಮನ ಜೋಡಿ ಬಾಟ

ಟ್ರಾಲಿಯ ಮೂಲೆಯಲ್ಲಿ ಹೆಪ್ಪುಗಟ್ಟಿದ್ದ ಗೊಬ್ಬರವನ್ನು ಜಂಗ್ಲಿಸಾಬ್ ಸಲಿಕೆಯಿಂದ ಕೆರೆದು ಹೊರಗೆ ಚೆಲ್ಲುತ್ತಿದ್ದ. ತೆರೇಜಮ್ಮ ಕೊಡದ ನೀರು ಸುರಿದು ಕಸಬರಿಗೆಯಿಂದ ಉಜ್ಜಿದಳು. ಎಷ್ಟು ಉಜ್ಜಿದರೂ ಯೂರಿಯಾದ ಘಾಟು ಹೋಗಲಿಲ್ಲ.

“ಸಾಕು ಬಿಡು ತೆರೇಜಕ್ಕ. ನಿಮ್ಮ ಲೂರ್ದಮ್ಮ ಈಗೇನು ಮೂಗು ಮುಚ್ಕೊಳ್ತಾಳೇನು?”

“ಜೀವ ಇದ್ದಿದ್ರ ನಿನ್ನ ಟ್ಯಾಕ್ಟ್ರಿಗೆ ಬೆಂಕಿ ಹಚ್ತಿದ್ಲು, ಸುಮ್ನಿರು.”

ಜಂಗ್ಲಿಸಾಬ್ ನಕ್ಕ. ಅಂಗಳದಲ್ಲಿದ್ದ ಶವಪೆಟ್ಟಿಗೆಯ ಕಡೆ ಕಣ್ಣು ಹೋದಾಗ ನಗು ನುಂಗಿಕೊಂಡು ತಲೆಯ ಟವೆಲು ಸರಿಮಾಡಿಕೊಂಡ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ ಅದು. ಕೇರಿಯವರೆಲ್ಲ ಒಪ್ಪೊತ್ತಿನ ಉಪವಾಸದಲ್ಲಿದ್ದರು, ಅಳುವುದಕ್ಕೂ ಯಾರಲ್ಲೂ ಕಸುವಿರಲಿಲ್ಲ. ಮಸ್ಕಿಯಿಂದ ಬಂದ ಫಾದರ್ ನೇರಳೆ ವಸ್ತ್ರ ತೊಟ್ಟು ಬೇವಿನ ನೆರಳಲ್ಲಿ ಕಾಯುತ್ತಿದ್ದರು. ಸಮಾಧಿಭೂಮಿಯ ದೊಡ್ಡ ಶಿಲುಬೆ ಕೇರಿಯಿಂದಲೇ ಕಾಣುತ್ತಿತ್ತು. ಆದರೆ ಅಲ್ಲಿಗೆ ಹೋಗುವ ಬಂಡಿದಾರಿಯನ್ನು ಧಣಿ ಉತ್ತು ಗದ್ದೆಗೆ ಸೇರಿಸಿಕೊಂಡ ಮೇಲೆ, ಸತ್ತವರು ಟ್ರಾಲಿ ಹತ್ತಿ ಕಾಲುವೆ ಏರಿಯ ಮೇಲೆ ಬಳಸಿಕೊಂಡು ಹೋಗಬೇಕಿತ್ತು. ಲೂರ್ದಮ್ಮನ ಗಂಡ ಹಾಗೆ ಹೋಗುವಾಗ ಏರಿಯ ತಿರುವಿನಲ್ಲಿ ಪೆಟ್ಟಿಗೆ ಜಾರಿ ನೀರಿಗೆ ಬಿದ್ದಿತ್ತು. ಅಂದಿನಿಂದ ಆಕೆ ಆ ದಾರಿಗಾಗಿ ಲಿಂಗಸುಗೂರಿನ ಕಚೇರಿಗೆ ಅಲೆದಳು. ಧಣಿಯ ವಕೀಲ ಪ್ರತಿಸಲ ವಾಯಿದೆ ಕೇಳುತ್ತಿದ್ದ. ಈಕೆ ಕಚೇರಿಯ ಗಿಡದ ಬುಡದಲ್ಲಿ ಬುತ್ತಿ ಬಿಚ್ಚಿ ಉಂಡು, ಸಂಜೆಯ ಬಸ್ಸಿಗೆ ಮರಳುತ್ತಿದ್ದಳು. “ನನ್ನ ಮಾತ್ರ ಗೊಬ್ಬರದ ಚೀಲದಂಗ ಹೇರಬ್ಯಾಡ್ರಿ” ಎಂದು ಎಲ್ಲರಿಗೂ ಹೇಳಿಟ್ಟಿದ್ದಳು.

“ದೇವಪುತ್ರ, ನಿಮ್ಮವ್ವನ ಆಸೆ…” ಎಂದು ತೆರೇಜಮ್ಮ ಬಾಯಿ ತೆರೆದಳು.

“ನನಗ ಗೊತ್ತಿಲ್ಲೇನು ಚಿಗವ್ವ? ಪೈರು ತೊಡಿಮಟ ನಿಂತೈತಿ. ಒಂದು ತೆನಿ ಮುರಿದ್ರೂ ಕೇಸು ಹಾಕ್ತೀನಂತ ಧಣಿ ಆಳು ವಿರೇಶ ಮುಂಜಾನೆನ ಹೇಳಿ ಹೋಗ್ಯಾನ.” ಮಗ ಕಟ್ಟೆಯ ಮೇಲೆ ಕುಸಿದ. “ಸಾಕಾಗೈತಿ ನನಗ. ಅಕಿ ಜಗಳ ಅಕಿ ಸಂಗಾಟನ ಮಣ್ಣಾಗ್ಲಿ.”

ತೆರೇಜಮ್ಮ ಕಸಬರಿಗೆ ಕೆಳಗಿಟ್ಟಳು.

*

ಎರಡು ತಿಂಗಳ ಹಿಂದೆ, ಸಂಕ್ರಾಂತಿ ಮುಗಿದ ವಾರ, ಧಣಿಯ ಅದೇ ಗದ್ದೆಯಲ್ಲಿ ನಾಟಿ ನಡೆದಿತ್ತು. ಈ ವರ್ಷ ಎರಡನೇ ಬೆಳೆಗೂ ಕಾಲುವೆ ನೀರು ಬಂದಿತ್ತು. ಕೇರಿಯ ಹೆಣ್ಣುಮಕ್ಕಳ ಗುಂಪಿಗೆ ಲೂರ್ದಮ್ಮನೇ ಮುಂದಾಳು.

“ಯಕ್ಕ, ನಮ್ಮ ಕೈಲೆ ನಮ್ಮ ದಾರಿ ಮುಚ್ಚಾಕತ್ತೀವಲ್ಲ!” ಕೆಸರಲ್ಲಿ ಬಗ್ಗಿದ್ದ ತೆರೇಜಮ್ಮ ನಾಚಿಕೆಯಿಂದ ಹೇಳಿದಳು.

“ನಾವು ಬಿಟ್ರ ಕ್ಯಾಂಪಿನ ಗುಂಪು ಬಂದು ಹಚ್ತೈತಿ. ಹಚ್ಚು.”

ಲೂರ್ದಮ್ಮ ಕೆಮ್ಮುತ್ತಲೇ ಹಗ್ಗ ಎಳೆಸಿದಳು. ಔಷಧ ಹೊಡೆಯುವವನು ನಡೆಯಲೆಂದು ಪೈರಿನ ನಡುವೆ ಅಲ್ಲಲ್ಲಿ ಸಣ್ಣ ಕಾಲುದಾರಿ ಬಿಡುವುದುಂಟು. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರಿಂದ ಕಲಿತ ‘ಬಾಟ’ ಅದು. ಬೇರೆ ಕಡೆ ದೂರದೂರ ಬಿಡಿಸಿದವಳು, ಒಂದು ಕಡೆ ಮಾತ್ರ ಎರಡನ್ನು ಹತ್ತಿರ ಹತ್ತಿರ ಬಿಡಿಸಿದಳು. ನಡುವಿನ ಅಂತರವನ್ನು ಮೊಳ ಹಾಕಿ ನೋಡಿ, ಹಗ್ಗವನ್ನು ತುಸು ಸರಿಸಿ, ಮತ್ತೆ ಮೊಳ ಹಾಕಿದಳು.

ಬದುವಿನ ಮೇಲಿಂದ ವಿರೇಶ ಕೂಗಿದ: “ಏನಬೇ ಮುದುಕಿ, ಜೋಡಿ ಬಾಟ ಯಾರ ಮದುವಿಗೆ?”

“ಗಾಳಿ ಆಡಬೇಕ್ರಿ ಅಪ್ಪಾ. ಇಲ್ಲಂದ್ರ ಜಿಗಿಹುಳ ಹತ್ತಿ ಪೈರು ಸುಟ್ಟಂಗ ಆಗತೈತಿ.”

“ಬಿಡು ಬಿಡು. ಜಾಗ ಭಾಳ ದಂಡ ಮಾಡಬ್ಯಾಡ.”

ಲೂರ್ದಮ್ಮ ಸೆರಗು ಬಿಗಿದು ಹಾಡು ಎತ್ತಿದಳು. ನಾಟಿಯ ಧಾಟಿ, ಮಾತು ಮಾತ್ರ ಯೇಸು ಶಿಲುಬೆ ಹೊತ್ತು ನಡೆದುದನ್ನು ನೆನೆಯುವ ‘ಶಿಲುಬೆ ಹಾದಿ’ಯದು: “ಬಿದ್ದಾನ, ಎದ್ದಾನ, ಮತ್ತ ನಡದಾನ…” ಹೆಂಗಸರು ದನಿಗೂಡಿಸುತ್ತ, ಸಸಿ ಊರುತ್ತ ಹಿಂದಹಿಂದಕ್ಕೆ ಸರಿದರು.

ತಪಸ್ಸುಕಾಲ ಬರುವಷ್ಟರಲ್ಲಿ ಆಕೆ ಹಾಸಿಗೆ ಹಿಡಿದಿದ್ದಳು. ಶುಕ್ರವಾರದ ಶಿಲುಬೆ ಹಾದಿ ಪ್ರಾರ್ಥನೆ ಮುಗಿಸಿ ಬಂದವರನ್ನು ಕೇಳುತ್ತಿದ್ದಳು: “ಶಿಲುಬಿ ಹಾದಿ ಹೊಲದಾಗಿಂದ ಹೋದ್ರೇನು?”

“ಪೈರು ಐತಲ್ಲ ಯಕ್ಕ, ಗುಡಿಯಾಗ ಮಾಡಿದ್ವಿ” ಎಂದು ತೆರೇಜಮ್ಮ ಹೇಳಿದರೆ ಗೋಡೆ ಕಡೆ ಹೊರಳುತ್ತಿದ್ದಳು.

*

ಹೊತ್ತು ಇಳಿದ ಮೇಲೆ ಲೂರ್ದಮ್ಮನ ಪೆಟ್ಟಿಗೆ ಹೇರಿಕೊಂಡು ಟ್ರ್ಯಾಕ್ಟರ್ ಹೊರಟಿತು. ಬಂಡಿದಾರಿ ಇದ್ದ ಕಾಲದಲ್ಲಿ ಶಿಲುಬೆ ಹಾದಿಯ ಮೊದಲ ಪ್ರಾರ್ಥನೆ ಗದ್ದೆಯ ತಲೆಯಲ್ಲೇ ನಡೆಯುತ್ತಿತ್ತು. ಅದಕ್ಕೇ ಯಾವ ಹೆಣ ಹೋದರೂ ಅಲ್ಲಿ ಇಳಿಸಿ, ಮೊಣಕಾಲೂರಿ ಏಳುವುದು ರೂಢಿ. ಇಳಿಸಿದರು.

ಮೊಣಕಾಲೂರಿದ ತೆರೇಜಮ್ಮ ಏಳಲಿಲ್ಲ. ಅವಳ ಕಣ್ಣಿನ ಮುಂದೆ ಹಸಿರು ಸೀಳಿಕೊಂಡು ಎರಡು ಗೆರೆ ಹೋಗಿದ್ದವು. ಒಂದರ ಪಕ್ಕ ಒಂದು, ನೇರ ಸಮಾಧಿಯ ಶಿಲುಬೆಗೆ. ಪಕ್ಕದಲ್ಲಿ ಪೆಟ್ಟಿಗೆ. ಅವಳು ಪೆಟ್ಟಿಗೆಯ ಅಗಲಕ್ಕೆ ಮೊಳ ಹಾಕಿದಳು. ಮಂಡಿಯಲ್ಲೇ ಸರಿದು, ಬಾಟಗಳ ನಡುವೆ ಮೊಳ ಹಾಕಿದಳು. ಎರಡೂ ಒಂದೇ ಅಳತೆ.

“ದೇವಪುತ್ರ, ಟ್ಯಾಕ್ಟ್ರು ಬಂದ್ ಮಾಡ್ಸು.”

“ಯಾಕ ಚಿಗವ್ವ?”

“ಪೆಟ್ಟಿಗಿ ಹೊರೋರು ಎಡಕ್ಕ ಒಂದು ಸಾಲು, ಬಲಕ್ಕ ಒಂದು ಸಾಲು ನಿಲ್ಲಿ. ನಿಮ್ಮವ್ವ ಬಾಟ ಬಿಟ್ಟು ಹೋಗ್ಯಾಳ.”

ಮಗ ನೋಡಿದ. ಆಮೇಲೆ ಚಪ್ಪಲಿ ಬಿಚ್ಚಿದ.

ವಿರೇಶ ಬೈಕು ಕೆಡವಿ ಓಡಿಬಂದ. “ಹೇ! ಪೈರು ಕಾಣಂಗಿಲ್ಲೇನು?”

“ಪೈರಿನ್ಯಾಗ ಕಾಲಿಡಂಗಿಲ್ರಿ ಅಪ್ಪಾ,” ತೆರೇಜಮ್ಮ ಅಂದಳು. “ಔಷಧ ಹೊಡಿಯೋರು ನಡದಂಗ ಬಾಟದಾಗ ನಡಿತೀವಿ. ಬಿಡು ಅಂದೋರು ನೀವ ಅಲ್ರಿ?”

“ಒಂದು ತೆನಿ ಮುರೀಲಿ, ಆಮ್ಯಾಗ ತೋರಸ್ತೀನಿ.”

“ಬರ್ರಿ, ಹಿಂದ ನೋಡಕೋತ ಬರ್ರಿ.”

ಪೆಟ್ಟಿಗೆ ಹೆಗಲೇರಿತು. ಎರಡು ಸಾಲು ಬರಿಗಾಲು ಕೆಸರಲ್ಲಿ ಮೆಲ್ಲಗೆ ಊರಿ ಎದ್ದವು. ನಡುವಿನ ಪೈರು ಪೆಟ್ಟಿಗೆಯ ನೆರಳಲ್ಲಿ ಒಮ್ಮೆ ಕಪ್ಪಾಗಿ, ಮತ್ತೆ ಹಸಿರಾಗಿ, ನಿಂತಂತೆಯೇ ನಿಂತಿತ್ತು. ಫಾದರ್ ವಸ್ತ್ರ ಎತ್ತಿ ಹಿಡಿದು ಇಳಿದರು. ತೆರೇಜಮ್ಮ ದಣಿದ ದನಿಯಲ್ಲಿ ಎತ್ತಿದಳು: “ಬಿದ್ದಾನ, ಎದ್ದಾನ…”

ಎಲ್ಲರಿಗಿಂತ ಹಿಂದೆ ವಿರೇಶ ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದ. ಮುರಿದ ತೆನೆ ಹುಡುಕುತ್ತ, ತಲೆ ಬಾಗಿಸಿಕೊಂಡು, ಬಾಟ ತಪ್ಪದೆ, ಸಮಾಧಿಯವರೆಗೂ.