ನೆರಳಿಗೆ ಕಟ್ಟಿದ ಪಂಚೆಗಳು

ಕರ್ ಕರ್ ಎಂಬ ಸಣ್ಣ ಸದ್ದು. ಒಣಗಿದ ಎಲೆಯನ್ನು ಯಾರೋ ಬೆರಳುಗಳ ನಡುವೆ ಪುಡಿ ಮಾಡುತ್ತಿರುವಂತೆ. ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಮಹಾನಂದ ಹಾಸಿಗೆಯಲ್ಲಿ ಅಲುಗದೆ ಕೇಳಿಸಿಕೊಂಡಳು. ಸದ್ದು ತಾರಸಿಯಿಂದ ಬರುತ್ತಿತ್ತು. ತಾರಸಿಯಲ್ಲಿ ಅವಳ ಗಿಡಗಳಿದ್ದವು.

ಗಂಡನಿಗೆ ಆ ವಾರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ. ನಡುಮನೆಯಲ್ಲಿ ಮಲಗಿದ್ದ ಅತ್ತೆ ವಿಶಾಲಮ್ಮನಿಗೆ ಎಚ್ಚರವಾಗದಂತೆ ಟಾರ್ಚ್ ಹಿಡಿದು ಮೆಟ್ಟಿಲು ಹತ್ತಿದಳು.

ಚಾಮರಾಜಪೇಟೆಯ ಆ ಮನೆಯ ತಾರಸಿ ಕಳೆದ ಕಾರ್ತಿಕದಿಂದ ಅವಳ ಪ್ರಯೋಗಶಾಲೆಯಾಗಿತ್ತು. ಕಾಡುನೇರಳೆಯ ಬೀಜದಿಂದ ಎಬ್ಬಿಸಿದ ಸಸಿಗಳು ಮಣ್ಣಿನ ಕುಂಡಗಳಲ್ಲಿದ್ದವು. ಅರ್ಧ ಕುಂಡಗಳಲ್ಲಿ ಗೊಬ್ಬರ ಬೆರೆಸಿದ ಮಣ್ಣು, ಉಳಿದರ್ಧದಲ್ಲಿ ಮರಳು ಸೇರಿಸಿದ ಬಡ ಮಣ್ಣು. ಎರಡು ಬಗೆಯಲ್ಲೂ ಅರ್ಧದಷ್ಟನ್ನು ಬಿಸಿಲಿಗೆ ಬಿಟ್ಟು, ಇನ್ನರ್ಧಕ್ಕೆ ಬಿದಿರಿನ ಚಪ್ಪರ ಕಟ್ಟಿ ಮೇಲೆ ಬಟ್ಟೆ ಹೊದಿಸಿದ್ದಳು. ಕಾಡಿನಲ್ಲಿ ದೊಡ್ಡ ಮರದ ಬುಡದಲ್ಲಿ ಹುಟ್ಟಿದ ಸಸಿ ವರ್ಷಗಟ್ಟಲೆ ಗೇಣುದ್ದವೇ ಉಳಿದುಬಿಡುತ್ತದೆ. ಅದು ಬೆಳಕಿಲ್ಲದೆಯೋ, ಮಣ್ಣಿನಲ್ಲಿ ಸಾರವಿಲ್ಲದೆಯೋ? ಇದು ಅವಳ ಪ್ರಶ್ನೆ. ಅವಳ ಎಂ.ಫಿಲ್ ಪದವಿ ಇದರ ಮೇಲೆ ನಿಂತಿತ್ತು.

ಸಿಕ್ಕ ಉತ್ತರ ಯಾರೂ ಊಹಿಸದಿದ್ದದ್ದು. ಚಪ್ಪರದ ಕೆಳಗಿನ ಗೊಬ್ಬರದ ಸಸಿಗಳು ಫಾಲ್ಗುಣದವರೆಗೆ ಸುಮ್ಮನಿದ್ದು, ಚೈತ್ರದಲ್ಲಿ ಒಮ್ಮೆಲೇ ಚಿಗುರಿ, ಬಿಸಿಲಿನಲ್ಲಿದ್ದ ಸಸಿಗಳ ಎತ್ತರವನ್ನು ಹೆಚ್ಚುಕಡಿಮೆ ಮುಟ್ಟಿಬಿಟ್ಟಿದ್ದವು. ಅದೇ ಚಪ್ಪರದ ಕೆಳಗೆ ಬಡ ಮಣ್ಣಿನವು ಇದ್ದಷ್ಟೇ ಇದ್ದವು. ಹಾಗಾದರೆ ಮಣ್ಣು ಚೆನ್ನಾಗಿದ್ದರೆ ಸಸಿ ನೆರಳಿನಲ್ಲೂ ಮೇಲೇಳುತ್ತದೆ. ಮಾರ್ಗದರ್ಶಕರಾದ ಪ್ರೊಫೆಸರ್ ಮರಿಯಣ್ಣ ಅಳತೆಗಳನ್ನು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೊಮ್ಮೆ ನೋಡಿದ್ದರು. ಮುಂದಿನ ವಾರದ ವಿಚಾರ ಸಂಕಿರಣದಲ್ಲಿ ಅವಳೇ ಪ್ರಬಂಧ ಓದುವುದೆಂದು ತೀರ್ಮಾನವಾಗಿತ್ತು. ಅವರ ಸಸ್ಯಶಾಸ್ತ್ರ ವಿಭಾಗದಿಂದ ಒಬ್ಬ ಹೆಂಗಸು ಅಂಥ ಸಭೆಯಲ್ಲಿ ಎದ್ದು ನಿಲ್ಲುವುದು ಅದೇ ಮೊದಲು.

ಟಾರ್ಚಿನ ಬೆಳಕು ಬಿದ್ದೊಡನೆ ಒಂದು ಇಲಿ ಚಪ್ಪರದಿಂದ ಹಾರಿ ಓಡಿತು. ಬಟ್ಟೆಯ ಒಂದು ಮೂಲೆಯನ್ನು ಕಡಿದು ಹಾಕಿತ್ತು. ಸಸಿಗಳಿಗೆ ಏನೂ ಆಗಿರಲಿಲ್ಲ. ಅವಳಿಗೆ ಸಮಾಧಾನವಾಯಿತು. ಆದರೆ ಇಲಿಗೆ ಬಟ್ಟೆಯಲ್ಲಿ ಏನು ರುಚಿ? ಬಗ್ಗಿ ನೋಡಿದಳು. ನೇಯ್ಗೆಯೊಳಗೆ ಬಿಳಿಯ ಸಣ್ಣ ಚಕ್ಕೆಗಳು ಅಂಟಿಕೊಂಡು ಒಣಗಿದ್ದವು. ಒಂದನ್ನು ಉಗುರಿನಿಂದ ಕೆರೆದು ಮೂಸಿದಳು. ಜೀರಿಗೆ, ಹಸಿಮೆಣಸಿನಕಾಯಿ, ಇಂಗು.

ಅಕ್ಕಿ ಸಂಡಿಗೆ.

ಅಲ್ಲೇ ಕುಂಡದ ಪಕ್ಕ ಕುಳಿತುಬಿಟ್ಟಳು.

ಆ ಬಟ್ಟೆಗಳು ತೀರಿಕೊಂಡ ಮಾವ ದೊಡ್ಡಬೈರಪ್ಪನವರ ಪಂಚೆಗಳು. ಪ್ರತಿ ಬೇಸಗೆಯಲ್ಲೂ ಅತ್ತೆ ಅವನ್ನು ಒದ್ದೆ ಮಾಡಿ ಹಾಸಿ, ಮೇಲೆ ಸಂಡಿಗೆ ಇಡುತ್ತಿದ್ದರು. ಕಾರ್ತಿಕದಲ್ಲಿ ಮಹಾನಂದ ಟ್ರಂಕಿನಿಂದ ಅವನ್ನು ತೆಗೆದು, ತಾರಸಿಗೆ ಒಯ್ದು ಕಟ್ಟಿದ ಮೇಲೆ, ಇವು ಹಳೆಯವಲ್ಲವೇ ಎಂದು ಕೇಳಿದ್ದಳು. ಹೂಂ, ತಗೋ ಎಂದಿದ್ದರು ಅತ್ತೆ. ಯಾತಕ್ಕೆ ಎಂದು ವಿಶಾಲಮ್ಮ ಕೇಳಿದಾಗ ‘ನೆರಳಿಗೆ’ ಎಂದಷ್ಟೇ ಹೇಳಿ ಇಳಿದು ಬಂದಿದ್ದಳು. ಮಾಗಡಿ ಕಡೆಯ ಹಳ್ಳಿಯಿಂದ ಬಂದ, ಓದಲು ಬಾರದ ಹೆಂಗಸಿಗೆ ಪ್ರಯೋಗವೆಂದರೇನು ಎಂದು ಹೇಳುತ್ತ ಕೂರುವ ಪುರುಸೊತ್ತು ಯಾರಿಗಿತ್ತು?

ಚೈತ್ರ, ವೈಶಾಖ ಎರಡೂ ತಿಂಗಳು ಊಟಕ್ಕೆ ಸಂಡಿಗೆ ಇದ್ದೇ ಇತ್ತು. ಈ ವರ್ಷದ್ದು ಬಹಳ ಹಗುರ ಬಂದಿದೆ ಎಂದು ಅವಳೇ ಹೊಗಳಿದ್ದಳು. ಪಕ್ಕದ ಮನೆಯ ಪಿಳ್ಳಮ್ಮನವರ ತಾರಸಿಯಲ್ಲಿ ಒಣಗಿಸುತ್ತಾರೆಂದು ತನಗೆ ತಾನೇ ಅಂದುಕೊಂಡಿದ್ದಳು, ಕೇಳಿರಲಿಲ್ಲ. ಕೆಲವು ಎಲೆಗಳ ಅಂಚು ಕಂದಾಗಿದ್ದುದನ್ನೂ ನೋಡಿದ್ದಳು. ಬೇಸಗೆಯ ಝಳ ಎಂದು ಬಿಟ್ಟಿದ್ದಳು.

ಬೆಳಿಗ್ಗೆ ಕಾಫಿ ಸೋಸುತ್ತಿದ್ದ ಅತ್ತೆಯ ಬಳಿ ನಿಂತು, ದನಿಯನ್ನು ಹಗುರ ಮಾಡಿಕೊಂಡು ಕೇಳಿದಳು.

“ಅತ್ತೆ, ಮೇಲಿನ ಪಂಚೆ ತೆಗೆದು ಸಂಡಿಗೆ ಇಡ್ತಿದ್ರಾ?”

“ಹೂಂ ಕಣೆ. ನಿಮ್ಮ ಮಾವನ ಪಂಚೆ ಮೇಲೇ ತಾನೆ ವರ್ಷಾವರ್ಷ ಇಡೋದು. ಬೇರೆ ಬಟ್ಟೆಗೆ ಅಂಟ್ಕೊಂಡುಬಿಡ್ತದೆ.” ವಿಶಾಲಮ್ಮ ತಲೆ ಎತ್ತದೆ ಹೇಳಿದರು. “ನೀನು ಕಾಲೇಜಿಗೆ ಹೋದ್ಮೇಲೆ ಬಿಚ್ಚೋದು, ಬಿಸಿಲು ಇಳಿಯೋ ಹೊತ್ಗೆ ಸಂಡಿಗೆ ಬಿಡಿಸ್ಕೊಂಡು, ಜಾಡಿಸಿ, ಹೆಂಗಿತ್ತೋ ಹಂಗೇ ಕಟ್ಬಿಡೋದು. ಪಿಳ್ಳಮ್ಮನೂ ಬರ್ತಿದ್ಲು ಕೈಗೂಡ್ಸೋಕೆ. ಯಾಕೆ, ಗಂಟು ಸರಿಯಾಗಿ ಹಾಕ್ಲಿಲ್ವಾ?”

“ಗಂಟು ಸರಿಯಾಗೇ ಇತ್ತು.”

“ಗಿಡಕ್ಕೂ ಒಂದಿಷ್ಟು ಬಿಸಿಲು ಬೀಳ್ಲಿ ಅಂದ್ಲು ಪಿಳ್ಳಮ್ಮ. ಕತ್ಲಲ್ಲಿ ಕೂಡಿಹಾಕಿದ್ದೀಯಲ್ಲ, ಬಾಣಂತಿ ಕೂಡಿಹಾಕ್ದಂಗೆ.” ಲೋಟ ಮುಂದೆ ಚಾಚಿದವರು ಸೊಸೆಯ ಮುಖ ನೋಡಿದರು. “ಏನಾದ್ರೂ ಕೆಡ್ತೇನೆ ನಂದಾ?”

“ಇಲ್ಲ ಅತ್ತೆ. ಇಲಿ ಬಂದಿತ್ತು. ಅದಕ್ಕೇ ಕೇಳ್ದೆ.”

ಭಾನುವಾರ ಎಣ್ಣೆನೀರಿನ ದಿನವಾದ್ದರಿಂದ ಅತ್ತೆ ಸಂಡಿಗೆ ಇಡುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಮಹಾನಂದ ಮನೆಯಲ್ಲಿರಲಿಲ್ಲ. ಹಾಗೆ ಎರಡು ತಿಂಗಳು ಅವಳ ನೆರಳಿನ ಸಸಿಗಳು ನಡುಹಗಲಿನ ಪೂರ್ತಿ ಬಿಸಿಲು ಕುಡಿದಿದ್ದವು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವಳು ಯೋಚಿಸಿದಳು. ಕಾಡಿನಲ್ಲಿ ಒಂದು ಹಳೆಯ ಮರ ಉರುಳಿದಾಗ ಆಗುವುದೇ ಇಲ್ಲೂ ಆಗಿತ್ತು. ಮೇಲೆ ಕಿಂಡಿ ತೆರೆದು ಬೆಳಕು ಸುರಿದಾಗ, ಬೇರಿಗೆ ಆಹಾರವಿದ್ದ ಸಸಿ ಆ ಬೆಳಕನ್ನು ಹಿಡಿದುಕೊಂಡು ಎದ್ದಿತು. ಬಡ ಮಣ್ಣಿನದು ಅದೇ ಬೆಳಕಿನಲ್ಲಿ ನಿಂತೂ ಏಳಲಾರದೆ ಹೋಯಿತು. ಬೆಳಕೂ ಬೇಕು, ಸಾರವೂ ಬೇಕು. ಸಸಿಗಳು ಸುಳ್ಳು ಹೇಳಿರಲಿಲ್ಲ. ನೆರಳಿನಲ್ಲಿ ಬೆಳೆದವು ಎಂದು ಬರೆದ ಅವಳ ಪ್ರಬಂಧ ಮಾತ್ರ ಸುಳ್ಳಾಗಿತ್ತು. ಗಿಡಗಳನ್ನು ಇಲಿ ಕಡಿಯಿತು ಎನ್ನೋಣವೆಂದರೆ ಅಳತೆಗಳೆಲ್ಲ ಆಗಲೇ ಮರಿಯಣ್ಣನವರ ಕೈಯಲ್ಲಿದ್ದವು. ಒಂದೋ ಸುಮ್ಮನಿದ್ದು ಓದಬೇಕು, ಇಲ್ಲವೇ ನಡೆದದ್ದನ್ನು ಹೇಳಬೇಕು.

ಆದರೆ ಅವಳಿಗೆ ನಾಚಿಕೆಯಾದದ್ದು ತಾನೇ ಹಿಂದೆ ಆಡಿದ್ದ ಮಾತುಗಳು ನೆನಪಾಗಿ. ವಿಭಾಗದ ತೋಟಕ್ಕೆ ಮೇಕೆಗಳು ನುಗ್ಗುತ್ತವೆಂದು ಮನೆಯಲ್ಲೇ ಪ್ರಯೋಗ ಇಡಲು ಅವಳು ಅನುಮತಿ ಕೇಳಿದಾಗ, ಮನೆಯೆಂದ ಮೇಲೆ ಹತ್ತು ಕೈ ಇರುತ್ತವಲ್ಲ ಎಂದು ಮರಿಯಣ್ಣ ಅನುಮಾನಿಸಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಓದಿದವರು, ಯಾರೂ ಮುಟ್ಟುವುದಿಲ್ಲ ಎಂದಿದ್ದಳು ಅವಳು. ಸಂಕಿರಣಕ್ಕೆ ನಾವೂ ಬಂದು ಹಿಂದೆ ಕೂತುಕೊಳ್ಳಬಹುದೇ ಎಂದು ಅತ್ತೆ ಆಸೆಯಿಂದ ಕೇಳಿದಾಗ, ಹೊರಗಿನವರನ್ನು ಬಿಡುವುದಿಲ್ಲ ಎಂದಿದ್ದಳು. ನಿಜಕ್ಕೂ ಕೇಳಿದ್ದರೆ ಬಿಡುತ್ತಿದ್ದರು.

ಮರಿಯಣ್ಣನವರ ಕೋಣೆಯಲ್ಲಿ ಉಪನ್ಯಾಸಕ ರಾಮಾಂಜಿನಪ್ಪ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಆಮೇಲೆ ಬರೋಣವೇ ಎಂದುಕೊಂಡಳು. ಆಮೇಲೆಂದರೆ ತಾನು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

“ಸರ್, ಪ್ರಬಂಧ ಓದೋಕಾಗಲ್ಲ. ನೆರಳಿನ ಗಿಡಗಳಿಗೆ ಬಿಸಿಲು ಬಿದ್ದಿದೆ.”

ಮರಿಯಣ್ಣ ಪೆನ್ನು ಕೆಳಗಿಟ್ಟರು. “ಬಿಸಿಲು ಬಿದ್ದಿದೆ ಅಂದ್ರೆ?”

“ಮಧ್ಯಾಹ್ನದ ಹೊತ್ತು ಬಟ್ಟೆ ಇರ್ತಿರಲಿಲ್ಲ. ಚೈತ್ರದಿಂದ.”

“ಏನ್ ಮೇಡಂ, ಒಗೆಯೋಕೆ ಹಾಕಿದ್ರಾ?” ರಾಮಾಂಜಿನಪ್ಪ ನಕ್ಕರು. “ಇಲ್ಲಾ ಹಪ್ಪಳಗಿಪ್ಪಳ?”

ಅವರಿಗೆ ಏನೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದ್ದರು. ಆದರೆ ಸಂಡಿಗೆಯ ವಿಷಯ ಹೇಳಲು ಹೊರಟಿದ್ದ ಮಹಾನಂದ ಅದನ್ನು ನುಂಗಿಕೊಂಡಳು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾರಸಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಸಂಡಿಗೆ ಇಡುವುದು ಅವಳ ಕಣ್ಣಿಗೆ ಕಂಡಿತು. ಆ ಕೋಣೆಯೊಳಗೆ, ಆ ನಗುವಿನ ಎದುರಿಗೆ ಕಂಡಿತು.

“ನಾನೇ ತೆಗೀತಿದ್ದೆ ಸರ್. ಗಿಡಗಳು ತುಂಬಾ ಸೊರಗಿದ್ವು. ನೋಡೋಕಾಗ್ಲಿಲ್ಲ.”

ರಾಮಾಂಜಿನಪ್ಪನವರ ನಗು ನಿಂತಿತು. ಅದು ನಿಂತದ್ದೇ ಅವಳಿಗೆ ಇನ್ನಷ್ಟು ಕಷ್ಟವಾಯಿತು. ಮರಿಯಣ್ಣ ಸಿಟ್ಟಾಗಲಿಲ್ಲ. ಬೇರೆ ಯಾರೋ ಮಾಡಿದ್ದರೆ ಅರ್ಥವಾಗುತ್ತಿತ್ತು, ಮನೆಯೆಂದ ಮೇಲೆ ಮಕ್ಕಳು ಮರಿ ಇರುತ್ತವೆ, ಆದರೆ ತಿಳಿದವರೇ ಹೀಗೆ ಮಾಡಿದರೆ ಹೇಗೆ ಎಂದು, ಕಿಟಕಿಯ ಕಡೆ ನೋಡುತ್ತ ನಿಧಾನವಾಗಿ ಹೇಳಿದರು. ಆಮೇಲೆ ಅವಳ ಕಡೆ ತಿರುಗಿದರು.

“ಮೇಲಿಂದ ಅಳತೆ ಬೇರೆ ಕೊಟ್ರಿ. ನಾನು ಹತ್ತು ಜನಕ್ಕೆ ಹೇಳಿದೀನಿ.”

“ಹೌದು ಸರ್.”

“ಇನ್ನೊಂದು ವರ್ಷ ಮಾಡಿ. ಇಲ್ಲೇ, ನನ್ನ ಕಣ್ಣೆದುರಿಗೆ. ಮೇಕೆ ಬಂದ್ರೆ ನಾವೇ ಓಡಿಸೋಣ.”

ಕಾರಿಡಾರಿನಲ್ಲಿ ನಡೆಯುವಾಗ, ಅತ್ತೆಯ ಹೆಸರು ಹೇಳಲಿಲ್ಲವಲ್ಲ ಎಂದು ಒಂದು ಗಳಿಗೆ ಮನಸ್ಸಿಗೆ ಹಿತವಾಯಿತು. ಹೆಬ್ಬಾಗಿಲು ದಾಟುವಷ್ಟರಲ್ಲಿ ಆ ಹಿತವೂ ಹೋಯಿತು. ಅವಳು ಉಳಿಸಿದ್ದು ಅತ್ತೆಯನ್ನಲ್ಲ. ಪ್ರೊಫೆಸರ್ ಮರಿಯಣ್ಣ ಅತ್ತೆಯನ್ನು ನೋಡಿಯೂ ಇರಲಿಲ್ಲ. ಅವರ ಸಿಟ್ಟಿನಿಂದ ವಿಶಾಲಮ್ಮನಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಸಂಡಿಗೆ ಇಡುವ, ಹೆಬ್ಬೆಟ್ಟು ಒತ್ತುವ ಅತ್ತೆ ಇರುವ ಮನೆಯವಳು ತಾನು ಎಂಬುದನ್ನು ಮುಚ್ಚಿಟ್ಟು, ಅವಳು ತನ್ನ ಮಾನವನ್ನು ಉಳಿಸಿಕೊಂಡಿದ್ದಳು. ಅದು ಗೊತ್ತಾಗುವುದಕ್ಕಿಂತ ಪ್ರಾಮಾಣಿಕಳೆಂಬ ಹೆಸರು ಕೆಟ್ಟರೂ ಪರವಾಗಿಲ್ಲವೆಂದು ಅವಳೊಳಗಿನ ಯಾವುದೋ ಒಂದು ಲೆಕ್ಕ ಹಾಕಿತ್ತು. ಆ ಲೆಕ್ಕ ಎಷ್ಟು ಬೇಗ ಆಯಿತೆಂದು ನೆನೆದರೆ ಮುಖ ಎತ್ತಲಾಗಲಿಲ್ಲ.

ಮನೆಗೆ ಬಂದಾಗ ವಿಶಾಲಮ್ಮ ಪಿಳ್ಳಮ್ಮನ ಜೊತೆ ಜಗುಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ನಮ್ಮ ಸೊಸೆ ದೊಡ್ಡೋರ ಮುಂದೆ ಓದ್ತಾಳೆ ಎಂದು ಬೀದಿಗೆಲ್ಲ ಹೇಳಿಯಾಗಿತ್ತು.

“ಬಾರಮ್ಮ ಮೇಡಂ,” ಎಂದರು ಪಿಳ್ಳಮ್ಮ. “ಆ ದಿನಕ್ಕೆ ಯಾವ ಸೀರೆ ಅಂತ ನಿಮ್ಮತ್ತೆಗೂ ನನಗೂ ಜಗಳ ನಡೀತಿದೆ.”

ಸಂಕಿರಣ ಮುಂದಕ್ಕೆ ಹೋಯಿತು, ಬರುವ ವರ್ಷ ಎಂದಳು ಮಹಾನಂದ. ಪಿಳ್ಳಮ್ಮ ಅಯ್ಯೋ ಎಂದು ಸೊಪ್ಪಿನ ಕಡ್ಡಿ ಮುರಿದರು. ವಿಶಾಲಮ್ಮ ಸೊಸೆಯ ಮುಖ ನೋಡಿದರು. ಪಿಳ್ಳಮ್ಮ ಎದ್ದು ಹೋಗುವವರೆಗೆ ಕಾದರು.

“ನನ್ನಿಂದ ಏನಾದ್ರೂ ಆಯ್ತೇನೆ? ಆಗಿದ್ರೆ ಹೇಳ್ಬಿಡು. ನಾನೇ ಬಂದು ನಿಮ್ಮ ಮೇಷ್ಟ್ರ ಕೈಲಿ ಹೇಳ್ತೀನಿ, ತಪ್ಪು ನಂದು ಅಂತ. ನಂಗೇನು ನಾಚ್ಕೆ.”

ಮಹಾನಂದ ಚಪ್ಪಲಿ ಬಿಡುತ್ತ ಬಗ್ಗಿದವಳು ಬಗ್ಗಿಯೇ ಇದ್ದಳು. ವಾರಿನ ಕೊಂಡಿ ಬಿಚ್ಚಿಯಾದ ಮೇಲೂ ಅದನ್ನೇ ಹಿಡಿದಿದ್ದಳು.

“ನಿಮ್ಮಿಂದ ಏನೂ ಆಗಿಲ್ಲ ಅತ್ತೆ.”

ಈ ಒಂದು ಮಾತು ನಿಜವಾಗಿತ್ತು; ನೆರಳು ಯಾಕೆಂದು ಬಿಡಿಸಿ ಹೇಳದೆ ಹೋದವಳು ತಾನೇ. ಆದರೆ ಅದು ಏಕೆ ನಿಜ ಎಂದು ಹೇಳಹೊರಟರೆ ಉಳಿದದ್ದೆಲ್ಲವನ್ನೂ ಹೇಳಬೇಕಾಗುತ್ತಿತ್ತು. ವಿಶಾಲಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು. ಕೋಣೆಯಲ್ಲಿ ಗಂಡ ಹಗಲುನಿದ್ದೆಯಿಂದ ಏಳುತ್ತಿದ್ದ. ಎದ್ದವನು ಮೊದಲು ಕೇಳುವುದೇ ಪ್ರಬಂಧದ ವಿಷಯವೆಂದು ಅವಳಿಗೆ ಗೊತ್ತಿತ್ತು. ಸಂಕಿರಣ ಮುಂದಕ್ಕೆ ಹೋಯಿತೆಂದೇ ಅವನಿಗೂ ಹೇಳುವುದೆಂದು ನಿರ್ಧರಿಸಿದಳು. ಮರಿಯಣ್ಣನವರ ಕೋಣೆಯಲ್ಲಿ ನಡೆದದ್ದನ್ನು ಯಾರಿಗೂ ಹೇಳುವುದಿಲ್ಲ, ಅತ್ತೆಗಂತೂ ಎಂದಿಗೂ ಹೇಳುವುದಿಲ್ಲ ಎಂದುಕೊಂಡು, ಸೆರಗಿನಿಂದ ಮುಖ ಒರೆಸಿ ಹೊಸಿಲು ದಾಟಿದಳು.