ಕೇಶರಬಾಯಿ ಕಂಡ ಮಾಳಢೋಕ

೧೯೯೮ರ ಶ್ರಾವಣದಲ್ಲಿ ಮಂಠಾಳದ ಕೇಶರಬಾಯಿಯ ಮಗಳು ರೂಪಾಲಿ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಕೇಶರಬಾಯಿ ಅಳಲಿಲ್ಲ. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ದಿನವೂ ಹೊಲಕ್ಕೆ ಹೋಗಿ, ಕಳೆಗೆ ಕೈ ಹಚ್ಚದೆ, ಬದುವಿನ ಮೇಲೆ ಕೂತಿದ್ದು ಸಂಜೆಗೆ ಮನೆಗೆ ಬರುತ್ತಿದ್ದಳು. ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದಳು, ಅಷ್ಟೇ.

ಒಂದು ಮಧ್ಯಾಹ್ನ ಬುತ್ತಿ ತಂದ ಗಂಡ ಧನರಾಜನಿಗೆ ತಾನಾಗಿಯೇ, "ಮಾಳಢೋಕ ಬಂದಿತ್ತು," ಎಂದಳು.

ಎರ್ಲಡ್ಡು ಎಂದೂ ಕರೆಯುವ, ಆಳಿನ ಸೊಂಟದೆತ್ತರದ ಆ ಬಯಲುಹಕ್ಕಿ ಆ ಕಡೆ ಕಾಣಿಸದೆ ಇಪ್ಪತ್ತು ವರ್ಷವಾಗಿತ್ತು. ಅಪರೂಪದ ಹಕ್ಕಿ ಕಂಡರೆ ತಿಳಿಸಿ ಎಂದು ಹುಮನಾಬಾದಿನ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ ಹುಮೇರಾ ಹಳ್ಳಿಗಳಲ್ಲಿ ಹೇಳಿಟ್ಟಿದ್ದರು. ಧನರಾಜ ಮರುದಿನವೇ ಅವರ ಹತ್ತಿರ ಹೋದ. ಹಕ್ಕಿಯ ನೆಪದಲ್ಲಾದರೂ ಯಾರಾದರೂ ಬಂದು ಹೆಂಡತಿಯನ್ನು ಮಾತಾಡಿಸಲಿ ಎಂಬುದು ಅವನ ಆಸೆ.

ಹುಮೇರಾ ಕ್ಯಾಮೆರಾ ಹಿಡಿದು ಎರಡು ದಿನ ಕಾದರು. ಹಕ್ಕಿ ಬರಲಿಲ್ಲ. ಕೊನೆಗೆ, ಹಕ್ಕಿ ಕಂಡದ್ದನ್ನು ಬರೆದು ಕಳಿಸುವ ದಾಖಲೆಯ ನಮೂನೆ ತೆಗೆದು ಬದುವಿನ ಮೇಲೆ ಅವಳ ಪಕ್ಕ ಕೂತರು.

"ಹ್ಯಾಂಗಿತ್ತು, ಮೌಶಿ?"

"ಕುತ್ತಿಗಿ ಬೆಳ್ಳಗ. ತಲಿಗೆ ಕರಿ ಟೋಪಿ ಹಾಕ್ಕೊಂಡಂಗ. ಎದಿ ಮ್ಯಾಲ ಕರಿ ಪಟ್ಟಿ. ಆ ಬೋರಿ ಗಿಡದ ತನಕ ಬಂದಿತ್ರಿ."

ಹುಮೇರಾ ನಡೆದು ಎಣಿಸಿದರು. ಹದಿನೆಂಟೇ ಹೆಜ್ಜೆ. "ಇಷ್ಟು ಸಮೀಪ ಅದು ಮನಷ್ಯಾರ ಕಡೆ ಬರಂಗಿಲ್ಲಲ್ಲ?"

"ನಾ ಅಲುಗಾಡಲಿಲ್ರಿ. ಅದು ತನ್ನ ಪಾಡಿಗೆ ಮಿಡತಿ ಹಿಡಿದು ತಿನ್ನಾಕತ್ತಿತ್ತು."

"ನಿಮಗ ಏನನಿಸ್ತು?" ನಮೂನೆಯಲ್ಲಿ ಇಲ್ಲದ ಪ್ರಶ್ನೆ ಅದು.

ಕೇಶರಬಾಯಿ ಬೋರಿ ಗಿಡದ ಕಡೆ ನೋಡಿದಳು. "ಏನೂ ಅನಿಸಲಿಲ್ರಿ. ಹಕ್ಕಿ ಅದ ಅಂತ ಗೊತ್ತಾತು."

ಹುಮೇರಾ ಕಂಡವರ ಹೆಸರಿನ ಜಾಗದಲ್ಲಿ ಅವಳ ಹೆಸರು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು.

ತೊಗರಿ ಬಲಿಯುವ ಹೊತ್ತಿಗೆ ಹಕ್ಕಿಗಳ ದಾಖಲೆ ಇಡುವವರಿಂದ ಹುಮೇರಾಗೆ ಉತ್ತರ ಬಂತು. ಫೋಟೋ ಇಲ್ಲ, ಕಂಡವರು ಒಬ್ಬರೇ; ಹೀಗಾಗಿ ದಾಖಲೆಗೆ ಸೇರಿಸಲಾಗದು. ಅದನ್ನು ತಿಳಿಸಲು ಹುಮೇರಾ ತಾವೇ ಕಲ್ಯಾಣದಲ್ಲಿ ಬಸ್ಸು ಬದಲಿಸಿ ಮಂಠಾಳಕ್ಕೆ ಬಂದರು. ಕೇಶರಬಾಯಿ ಪಡಸಾಲೆಯಲ್ಲಿ ಕೂತಿದ್ದಳು.

"ಅವರು ಒಪ್ಪಲಿಲ್ಲ, ಮೌಶಿ. ನಾ ಒಪ್ಪೀನಿ."

"ಇರ್ಲಿ ಬಿಡ್ರಿ."

ಹುಮೇರಾ ಕಾಗದ ಮಡಚಿ ಪರ್ಸಿನಲ್ಲಿಟ್ಟುಕೊಂಡು ಹೊರಡಲು ಎದ್ದರು.

"ಮುಂಜಾನೆ ಬಿಟ್ಟೀರಿ," ಎಂದಳು ಕೇಶರಬಾಯಿ. "ಉಂಡೀರೇನ್ರಿ?"

ಇಲ್ಲ ಎಂದರು ಹುಮೇರಾ. ಕೇಶರಬಾಯಿ ಒಳಗೆ ಹೋದಳು. ಎಷ್ಟೋ ದಿನದಿಂದ ತಾನೇ ಅಡಿಗೆ ಮಾಡುತ್ತಿದ್ದ ಧನರಾಜ ಬಾಗಿಲಲ್ಲೇ ನಿಂತ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು.