ಪಕ್ಕದ ಕೋಣೆಯ ವಿಷಯ

"ಸ್ವಲ್ಪ ಎಡಕ್ಕೆ ವಾಲಿಸಿ. ನಿಮ್ಮ ಎಡಕ್ಕಲ್ಲ ಸರ್, ನನ್ನ ಎಡಕ್ಕೆ."

ಸೋಫಾ ಮುಂಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಒಳಗಿನ ತುದಿಯನ್ನು ಹಿಡಿದಿದ್ದವಳು ತೀರಿಕೊಂಡ ಮೇಷ್ಟ್ರ ಶಿಷ್ಯೆ. ಹೊರಗಿನ ತುದಿಯಲ್ಲಿ ಕಂಪ್ಯೂಟರ್ ವಿಜ್ಞಾನ ವಿಭಾಗದ ಮುಖ್ಯಸ್ಥರು ಬೆವರು ಒರೆಸಿಕೊಳ್ಳಲೂ ಕೈ ಬಿಡುವಿಲ್ಲದೆ ನಿಂತಿದ್ದರು. ಮೆಟ್ಟಿಲ ಮೇಲೆ ಇನ್ನೂ ಮೂವರು ಪ್ರಾಧ್ಯಾಪಕರು ಕೈಕಟ್ಟಿಕೊಂಡು ಸಲಹೆ ಕೊಡುತ್ತಿದ್ದರು. ಒಬ್ಬರು ನೆಟ್ಟಗೆ ನಿಲ್ಲಿಸಿ ತಿರುಗಿಸಿ ಎಂದರೆ ಇನ್ನೊಬ್ಬರು ಮಗ್ಗುಲಿಗೆ ಮಲಗಿಸಿ ತಿರುಗಿಸಿ ಎನ್ನುತ್ತಿದ್ದರು. ಮೂರನೆಯವರು ಇದಕ್ಕೊಂದು ಸೂತ್ರವೇ ಇದೆ ಎಂದರು, ಆದರೆ ಸೂತ್ರ ಏನೆಂದು ಅವರಿಗೆ ನೆನಪಾಗಲಿಲ್ಲ. ಇನ್ನೇನು ಆಸ್ಪತ್ರೆಯಿಂದ ಮೇಷ್ಟ್ರ ದೇಹ ಬರುವುದಿತ್ತು. ಅದನ್ನು ಇಡಲು ನಡುಮನೆಯಲ್ಲಿ ಜಾಗ ಆಗಬೇಕಿತ್ತು.

ದಾರಿ ಮೇಡಂ ಬಂದದ್ದು ಆ ಹೊತ್ತಿಗೆ. ನಕ್ಷೆಯ ಮೇಲೆ ಒಂದೂರಿನಿಂದ ಇನ್ನೊಂದೂರಿಗೆ ಅತಿ ಹತ್ತಿರದ ದಾರಿಯನ್ನು ಕಂಪ್ಯೂಟರ್ ಹೇಗೆ ಹುಡುಕಬೇಕು ಅನ್ನುವುದರಲ್ಲೇ ಆಯುಷ್ಯ ಕಳೆದ ಪ್ರಾಧ್ಯಾಪಕಿ ಅವರು. ಹೆಸರು ಹುಡುಗರು ಇಟ್ಟದ್ದು.

"ನೀವೇ ಹೇಳಿ ಮೇಡಂ, ಇದಕ್ಕೆ ದಾರಿ ಯಾವುದು?" ಎಂದರು ಮುಖ್ಯಸ್ಥರು.

"ದಾರಿ ಇಲ್ಲ. ಒಳಗೇ ತಳ್ಳಿ. ವಯಸ್ಸಾದವರು ಬರ್ತಾರೆ, ಅವರೇನು ನೆಲದ ಮೇಲೆ ಕೂರೋಕಾಗುತ್ತಾ? ಊಟದ ಮೇಜನ್ನ ಅಡುಗೆಮನೆಗೆ ಸರಿಸಿದ್ರೆ ಆಯ್ತು."

ಸೋಫಾ ಒಳಗೆ ಹೋಯಿತು, ಮೇಜು ಅಡುಗೆಮನೆ ಸೇರಿತು. ದಾರಿ ಮೇಡಂ ಶಿಷ್ಯೆಯ ಕಡೆ ತಿರುಗಿಯೂ ನೋಡದೆ ಮೇಷ್ಟ್ರ ಹೆಂಡತಿಯ ಪಕ್ಕ ಹೋಗಿ ಕೂತರು.

ಶಿಷ್ಯೆಗೆ ಅಂಗೈ ಉರಿಯುತ್ತಿತ್ತು. ಉರಿಯಲಿ ಅಂದುಕೊಂಡಳು. ಹಿಂದಿನ ದಿನ ಪಾಠ ಮುಗಿಸಿ ತಮ್ಮ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತ ಮೇಷ್ಟ್ರು ಮತ್ತೆ ಏಳಲಿಲ್ಲ. ಎದೆಬಡಿತ ನಿಂತುಹೋಗಿತ್ತು. ಸುದ್ದಿ ಕೇಳಿದಾಗಿನಿಂದ ಅವಳ ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅಳು ಬರಬೇಕಾದ ಕಡೆ ಭಯ ಬಂದು ಕೂತಿತ್ತು, ಅದೂ ತನ್ನ ಬಗ್ಗೆ, ತನ್ನ ಪ್ರಬಂಧದ ಬಗ್ಗೆ. ಗುರುವಿನ ದೇಹ ಮನೆಗೆ ಬರುವ ಮುಂಚೆ ತನ್ನ ಪಿಎಚ್.ಡಿ. ಚಿಂತೆ ಮಾಡುವ ನಾನು ಎಂಥ ಹೆಂಗಸು ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಗಿತ್ತು.

ಭಯಕ್ಕೆ ಕಾರಣ ಇತ್ತು. ಹಿಂದಿನ ಸಂಜೆಯೇ ಮುಖ್ಯಸ್ಥರು ಫೋನ್ ಮಾಡಿ ಸಮಾಧಾನದ ನಾಲ್ಕು ಮಾತು ಹೇಳಿದ ಮೇಲೆ ಗಂಟಲು ಸರಿಮಾಡಿಕೊಂಡಿದ್ದರು. "ವಿಷಯ ಬದಲಾಯಿಸಬೇಕಾಗುತ್ತೇನೋಮ್ಮ. ಹೊಸ ಮಾರ್ಗದರ್ಶಕರ ಸಂಶೋಧನಾ ಆಸಕ್ತಿ ಪ್ರಬಂಧದ ವಿಷಯಕ್ಕೆ ಹೊಂದಲೇಬೇಕು, ನಿಯಮ ಹಾಗಿದೆ. ನಿಮ್ಮ ವಿಷಯದವರು ನಮ್ಮಲ್ಲಿ ಇನ್ಯಾರಿದ್ದಾರೆ ಹೇಳಿ."

ನಿಜ, ಯಾರಿದ್ದಾರೆ? ಒಂದು ಬೇಸಿಗೆ ರಜೆ ಕಳೆದು ಬರುವಷ್ಟರಲ್ಲಿ ವಿಭಾಗದ ಅರ್ಧಕ್ಕರ್ಧ ಜನರ ಆಸಕ್ತಿ ಕೃತಕ ಬುದ್ಧಿಮತ್ತೆಗೆ ತಿರುಗಿತ್ತು. ಮೇಷ್ಟ್ರು ಮಾತ್ರ ತಮ್ಮ ಹಳೇ ವಿಷಯ ಬಿಡಲಿಲ್ಲ. ಕಂಪ್ಯೂಟರಿನ ಕೈಗೆಟುಕುವ ನೆನಪು ಚಿಕ್ಕದು. ಅದು ತುಂಬಿದಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಮರೆಯಬೇಕು? ಇಷ್ಟೇ ಪ್ರಶ್ನೆ. ಇಡೀ ವಿಶ್ವವಿದ್ಯಾಲಯ ಅವರನ್ನು ಮರೆವಿನ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಶಿಷ್ಯೆ ಅದರಲ್ಲಿ ಐದು ವರ್ಷ ಮುಳುಗಿದ್ದಳು. ಶುರು ಮಾಡಿದಾಗ ಅಂಬೆಗಾಲಿಡುತ್ತಿದ್ದ ಮಗಳು ಈಗ ಶಾಲೆಗೆ ಹೋಗುತ್ತಾಳೆ. ವಿಷಯ ಬದಲಾದರೆ ಅಷ್ಟೂ ನೀರಲ್ಲಿ ಹೋಮ.

*

ದೇಹ ಬಂತು. ಜನ ಬಂದರು, ನಿಂತರು, ಕೂತರು. ಸೋಫಾದಲ್ಲಿ ಮೇಷ್ಟ್ರ ಅಕ್ಕ ಕೂತಿದ್ದರು. ಮುಖದ ತುಂಬ ಸುಕ್ಕು, ದನಿ ಮಾತ್ರ ಗಟ್ಟಿ. ಶಿಷ್ಯೆಯನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನೀನೂ ಮರೆವಿನ ಡಾಕ್ಟರಾ ಮಗಳೇ?"

"ಇನ್ನೂ ಆಗಿಲ್ಲ ಅಜ್ಜಿ. ಆಮೇಲೆ, ಅದು ಮನುಷ್ಯರ ಮರೆವಲ್ಲ, ಯಂತ್ರದ್ದು."

"ಗೊತ್ತಾಯ್ತು ಆಮೇಲೆ. ಮೊದಲು ಗೊತ್ತಿರಲಿಲ್ಲ ನೋಡು. ನಮ್ಮವರಿಗೆ ಮರೆವಿನ ಕಾಯಿಲೆ ಶುರುವಾದಾಗ ಇವನಿಗೇ ಹೇಳಿ ಕಳಿಸ್ದೆ. ನಮ್ಮ ಮನೆಯಲ್ಲೇ ಡಾಕ್ಟರ್ ಇರುವಾಗ ಹೊರಗೆ ಯಾಕೆ ಅಲೀಬೇಕು ಅಂತ."

"ಸರ್ ಏನಂದ್ರು?"

"ಏನೂ ಅನ್ನಲಿಲ್ಲ. ಬಂದ. ಭಾನುವಾರ ಭಾನುವಾರ ಬರೋನು. ಇವರು ಚಿಕ್ಕವರಿದ್ದಾಗ ಸೈಕಲ್ಲಿಂದ ಬಿದ್ದ ಕತೆ ಹೇಳೋರು, ಪ್ರತಿಸಲ ಅದೇ ಕತೆ. ಇವನು ಪ್ರತಿಸಲ 'ಆಮೇಲೇನಾಯ್ತು ಭಾವ' ಅಂತ ಕೇಳೋನು. ಅವರು ಹೋಗೋ ತನಕ ಹಾಗೇ ಬಂದ. ನೀನು ಡಾಕ್ಟರಲ್ಲ ಅಂತ ಮೊದಲೇ ಹೇಳಬಾರದಿತ್ತೇನೋ ಅಂತ ಆಮೇಲೆ ಬೈದೆ. ಅಕ್ಕಾ, ಕೇಳಿಕೊಂಡು ಬಂದವರನ್ನ ನಾನಲ್ಲ ಅಂತ ಹೇಗೆ ಕಳಿಸ್ಲಿ ಅಂದ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೇಳುತ್ತಾ ಹೇಳುತ್ತಾ ನಗುವೂ ಬಂದಿತ್ತು. ಶಿಷ್ಯೆ ಅವರ ಕೈ ಹಿಡಿದುಕೊಂಡೇ ಕೂತಳು. ಅವಳೂ ತಪ್ಪು ಬಾಗಿಲು ತಟ್ಟಿ ಬಂದವಳೇ.

*

ಅವಳು ಬಂದದ್ದು ದಾರಿಗಳ ಮೇಲೆ ಕೆಲಸ ಮಾಡೋಣವೆಂದು. ವಿಭಾಗದ ಜಾಲತಾಣದಲ್ಲಿ ಪ್ರಾಧ್ಯಾಪಕರ ಹೆಸರು, ಪಕ್ಕದಲ್ಲಿ ಅವರವರ ಸಂಶೋಧನಾ ಆಸಕ್ತಿ ಹಾಕಿದ್ದರು. ಅದನ್ನು ನೋಡಿಕೊಂಡೇ ಮೇಷ್ಟ್ರ ಬಾಗಿಲು ತಟ್ಟಿದ್ದಳು.

"ಅದು ನಾನಲ್ಲಮ್ಮ, ಪಕ್ಕದ ಕೋಣೆ," ಎಂದರು ಅವರು. "ಪುಟ ಹೊಸದಾಗಿ ಮಾಡುವಾಗ ನಮ್ಮಿಬ್ಬರ ಸಾಲು ಅದಲುಬದಲಾಗಿದೆ. ತಿದ್ದಿಸೋಕೆ ಅರ್ಜಿ ಕೊಟ್ಟಿದ್ದೀವಿ. ಕಂಪ್ಯೂಟರ್ ವಿಭಾಗದಲ್ಲಿ ಕಂಪ್ಯೂಟರಿನ ಕೆಲಸ ಆಗೋದು ಕಷ್ಟ."

ಪಕ್ಕದ ಕೋಣೆಗೆ ಬೀಗ ಇತ್ತು. ದಾರಿ ಮೇಡಂ ರಜೆಯ ಮೇಲಿದ್ದರು. ಬಂದವಳು ಬಿಸಿಲಲ್ಲಿ ಬಂದಿದ್ದಾಳೆಂದು ಮೇಷ್ಟ್ರು ನೀರು ಕೊಟ್ಟು ಕೂರಿಸಿದರು. ಸುಮ್ಮನೆ ಕೂರುವುದೇಕೆಂದು ಅವಳ ಕೈಚೀಲ ತೋರಿಸಿ, "ಇದು ತುಂಬಿದೆ, ಇನ್ನೊಂದು ವಸ್ತು ಹಿಡಿಸಬೇಕು. ಯಾವುದನ್ನ ತೆಗೆದು ಹೊರಗಿಡ್ತೀರಿ?" ಎಂದು ಕೇಳಿದರು.

"ಬಹಳ ದಿನದಿಂದ ಮುಟ್ಟದೇ ಇರೋದನ್ನ."

"ಹಾಗಾದ್ರೆ ಛತ್ರಿ ಹೋಯ್ತು. ಸಂಜೆ ಮಳೆ ಬಂತು. ಈಗ?"

ಅವಳು ಯೋಚಿಸಿದಳು. ಮನೆಗೆ ಹೋಗುವಾಗ ಬಸ್ಸಿನಲ್ಲೂ ಯೋಚಿಸಿದಳು, ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ಮರುದಿನ ಬೆಳಿಗ್ಗೆ ಅದೇ ಬಾಗಿಲು ತಟ್ಟಿ, ನಿಮ್ಮ ವಿಷಯವೇ ಇರಲಿ ಸರ್ ಅಂದಳು.

ಹಾಗೆ ಮರೆವಿನ ಮೇಷ್ಟ್ರ ಶಿಷ್ಯೆಯಾದವಳಿಗೆ ಬಲುಬೇಗ ತಿಳಿದ ಸಂಗತಿ ಎಂದರೆ ಈ ಎರಡು ಕೋಣೆಗಳದ್ದು ಹಾವು ಮುಂಗುಸಿ ಸಂಬಂಧ ಅನ್ನುವುದು. ಮಧ್ಯಾಹ್ನ ಊಟ ಆದಮೇಲೆ ಮೇಷ್ಟ್ರು ಪಕ್ಕದ ಕೋಣೆಗೆ ಹೋಗುವರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ದನಿ ಏರುವುದು. "ಇದನ್ನ ನೀವು ಒಪ್ಪಲೇಬೇಕು" ಎಂದು ಇವರು, "ನಾನು ಯಾಕ್ರೀ ಒಪ್ಪಲಿ" ಎಂದು ಅವರು. ಮುಖ ಕೆಂಪಗೆ ಮಾಡಿಕೊಂಡು ಮೇಷ್ಟ್ರು ವಾಪಸು ಬರುವರು. ಏನು ಜಗಳ ಸರ್ ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಕೋಣೆ ಹಂಚುವಾಗಿನ ಹಳೇ ಮನಸ್ತಾಪ ಅಂತ ಕಚೇರಿಯವರು ಹೇಳುತ್ತಿದ್ದರು. ಅದನ್ನೇ ಎಲ್ಲರೂ ನಂಬಿದ್ದರು.

*

ಚಿತಾಗಾರದಲ್ಲಿ ಸರದಿಗೆ ಕಾಯಬೇಕಿತ್ತು. ಬಿಳಿ ಸುಣ್ಣದ ಗೋಡೆ, ಕಬ್ಬಿಣದ ಬೆಂಚು, ಒಂದು ಪಂಖ. ಬೆಂಚಿನ ಒಂದು ತುದಿಗೆ ಮೇಷ್ಟ್ರ ಹೆಂಡತಿ, ಅಕ್ಕ, ಇನ್ನೊಂದು ತುದಿಗೆ ದಾರಿ ಮೇಡಂ ಕೂತಿದ್ದರು. ಶಿಷ್ಯೆ ಕಿಟಕಿಯ ಹತ್ತಿರ ನಿಂತಿದ್ದಳು.

ವ್ಯಾನಿನಲ್ಲಿ ಬರುತ್ತಾ ಅವಳ ತಲೆಗೊಂದು ಯೋಚನೆ ಹೊಕ್ಕಿತ್ತು. ಜಾಲತಾಣದ ಆ ಪುಟವನ್ನು ಯಾರೂ ಇವತ್ತಿನವರೆಗೂ ತಿದ್ದಿಲ್ಲ. ಕಾಗದದ ಪ್ರಕಾರ ಮರೆವಿನಲ್ಲಿ ಆಸಕ್ತಿ ಇರುವ ಪ್ರಾಧ್ಯಾಪಕರು ವಿಭಾಗದಲ್ಲಿ ಇದ್ದೇ ಇದ್ದಾರೆ, ಅದು ದಾರಿ ಮೇಡಂ. ಆದರೆ ಕೇಳುವುದು ಯಾವ ಬಾಯಲ್ಲಿ? ಯಾರೋ ಮಾಡಿದ ತಪ್ಪನ್ನು ಹಿಡಿದು ಸಹಿ ಮಾಡಿಕೊಡಿ ಅಂದರೆ ಅದು ಮೋಸ. ಅಲ್ಲದೆ ಮೇಷ್ಟ್ರ ಜೊತೆ ದಿನಾ ಜಗಳವಾಡಿದವರು ಮೇಷ್ಟ್ರ ಶಿಷ್ಯೆಗೆ ಯಾಕೆ ಆಸರೆಯಾಗುತ್ತಾರೆ? ಯೋಚನೆಯನ್ನು ಅಲ್ಲಿಗೇ ಬಿಟ್ಟಿದ್ದಳು.

ಮುಖ್ಯಸ್ಥರು ಅವಳ ಹತ್ತಿರ ಬಂದು ದನಿ ತಗ್ಗಿಸಿದರು. ತಗ್ಗಿಸಿದ ದನಿ ಆ ಖಾಲಿ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

"ಇವತ್ತು ಹೇಳಬಾರದು, ಆದ್ರೂ ನಾಳೆ ಸಭೆ ಇದೆ. ಕೃತಕ ಬುದ್ಧಿಮತ್ತೆಯವರ ಹತ್ರ ಮಾತಾಡಿದ್ದೀನಿ. ಒಪ್ಪಿದ್ದಾರೆ. ಹೊಸದಾಗಿ ಶುರು ಮಾಡೋದು ಬೇಜಾರೇ, ಆದ್ರೆ ಬೇರೆ ದಾರಿ ಇಲ್ಲ."

ಅವರು ಕೆಟ್ಟವರಲ್ಲ. ಅವಳಿಗೆ ಅದೂ ಗೊತ್ತಿತ್ತು. ತಲೆಯಾಡಿಸಿ ಹೂಂ ಅನ್ನಬೇಕೆಂದು ಅವರ ಕಡೆ ತಿರುಗಿದಳು.

"ವಿಭಾಗದ ಪುಟ ತೆಗೀರಿ," ಎಂದರು ದಾರಿ ಮೇಡಂ ಕೂತಲ್ಲಿಂದಲೇ.

"ಈಗಲಾ ಮೇಡಂ?"

"ಫೋನ್ ಇದೆಯಲ್ಲ ಕೈಯಲ್ಲಿ. ನನ್ನ ಹೆಸರಿನ ಮುಂದೆ ಏನು ಬರೆದಿದೆ ಓದಿ."

ಮುಖ್ಯಸ್ಥರು ಓದಿದರು. ಮುಖ ಇಂಗು ತಿಂದ ಮಂಗನ ಹಾಗಾಯಿತು. "ಅಲ್ಲ ಮೇಡಂ, ಇದು ತಪ್ಪಲ್ವಾ? ನಿಮ್ಮಿಬ್ಬರದು ಅದಲುಬದಲಾಗಿದ್ದು."

"ಅವತ್ತು ತಪ್ಪಾಗಿತ್ತು. ಈಗಿಲ್ಲ."

ಮುಖ್ಯಸ್ಥರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಮತ್ತೊಮ್ಮೆ ಓದಿದರು.

"ಪುಟ ನೋಡಿ ಜನ ಬರೆಯೋರು," ಎಂದರು ಮೇಡಂ. "ಮರೆವಿನ ಬಗ್ಗೆ ನನಗೆ, ದಾರಿಗಳ ಬಗ್ಗೆ ಅವರಿಗೆ. ನಾನು ಎಲ್ಲ ಪತ್ರಾನೂ ಅವರಿಗೆ ದಾಟಿಸೋಣ ಅಂತಿದ್ದೆ. ಈ ಮನುಷ್ಯ ಕೇಳಬೇಕಲ್ಲ. ನಿಮ್ಮನ್ನ ನಂಬಿ ಬರೆದಿದ್ದಾರೆ, ನೀವೇ ಉತ್ತರ ಕೊಡಿ, ಗೊತ್ತಿಲ್ಲದಿದ್ರೆ ನಾನು ಹೇಳಿಕೊಡ್ತೀನಿ ಅಂದ್ರು. ಹಾಗೇ ನನ್ನ ವಿಷಯ ಅವರು ನನ್ನ ಹತ್ರ ಕಲಿತರು. ದಿನಾ ಮಧ್ಯಾಹ್ನ ಅದೇ ಕೆಲಸ. ಕೊನೆಗೆ ಅರ್ಜಿ ವಾಪಸ್ ತಗೊಂಡ್ವಿ."

"ಎಲ್ಲರೂ ನೀವು ಜಗಳ ಆಡ್ತೀರಿ ಅಂದ್ಕೊಂಡಿದ್ವಿ," ಎಂದಳು ಶಿಷ್ಯೆ.

"ಜಗಳಾನೇ ಆಡ್ತಿದ್ವಿ. ಇತ್ತೀಚೆಗೆಲ್ಲ ನಿನ್ನ ಮೂರನೇ ಅಧ್ಯಾಯಕ್ಕೇ ಜಗಳ." ಮೇಡಂ ಈಗ ಅವಳ ಕಡೆ ತಿರುಗಿದರು. "ನೆನಪಿನಲ್ಲಿರೋ ವಸ್ತುಗಳೆಲ್ಲ ಒಂದೇ ಗಾತ್ರ ಅಂತ ಹಿಡಿದಿದ್ದೀಯ. ದೊಡ್ಡದೊಂದು ಬಂದ್ರೆ ಚಿಕ್ಕವು ಮೂರು ಹೋಗಬೇಕಾಗುತ್ತೆ. ಆಗ ನಿನ್ನ ಲೆಕ್ಕ ನಿಲ್ಲುತ್ತಾ?"

"ಅದನ್ನ ನಾಲ್ಕನೇ ಅಧ್ಯಾಯಕ್ಕೆ ಇಡೋಣ ಅಂತ ಸರ್..."

"ಗೊತ್ತು. ಅದು ಮೂರಕ್ಕೇ ಬರಬೇಕು ಅಂತ ನಾನು. ಮೊನ್ನೆ ಮಧ್ಯಾಹ್ನನೂ ಮುಗೀಲಿಲ್ಲ ಆ ಮಾತು. ನಾಳೆ ನೋಡೋಣ ಅಂತ ಹೇಳಿ ಎದ್ದುಹೋದ್ರು."

ಮೇಡಂ ಕನ್ನಡಕ ತೆಗೆದು ಒರೆಸಿದರು, ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ. ಶಿಷ್ಯೆಗೆ ಅಷ್ಟು ಹೊತ್ತು ಬಾರದ ಅಳು ಆಗ ಬಂತು. ತಡೆಯಲು ಹೋಗಲಿಲ್ಲ. ಗೋಡೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ತನ್ನ ಪ್ರಬಂಧ ಉಳಿಯಿತೆಂದು ಅತ್ತಳೋ, ಮೇಷ್ಟ್ರು ಹೋದರೆಂದು ಅತ್ತಳೋ, ಎರಡನ್ನೂ ಬೇರೆ ಮಾಡಲು ಅವಳಿಂದಾಗಲಿಲ್ಲ. ಅಜ್ಜಿ ಎದ್ದು ಬಂದು ಬೆನ್ನು ಸವರಿದರು.

ಮುಖ್ಯಸ್ಥರು ಫೋನು ಜೇಬಿಗಿಟ್ಟುಕೊಂಡರು. "ಪುಟದಲ್ಲಿ ಇದೆ ಅಂದ ಮೇಲೆ ಇದೆ. ನಾಳೆ ಸಭೆಗೆ ಹಾಗೇ ಹೇಳ್ತೀನಿ," ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, "ಮೇಡಂ, ಹಾಗಾದ್ರೆ ದಾರಿಗಳ ಬಗ್ಗೆ ಯಾರಾದ್ರೂ ಕೇಳಿಕೊಂಡು ಬಂದ್ರೆ ಈಗ ಯಾರ ಹತ್ರ ಕಳಿಸ್ಲಿ?" ಅಂದರು.

"ಅದೂ ನನಗೇ ಬರುತ್ತೆ. ಇನ್ನು ಎರಡೂ ನನ್ನ ತಲೆಗೇ."

ಒಳಗಿನಿಂದ ಒಬ್ಬರು ಬಂದು ಮೇಷ್ಟ್ರ ಸರದಿ ಎಂದರು. ಎಲ್ಲರೂ ಎದ್ದರು.

*

ಎಲ್ಲ ಮುಗಿಸಿ ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಬಂದವರು ಒಬ್ಬೊಬ್ಬರಾಗಿ ಹೊರಟರು. ಉಳಿದವರಿಗೆ ಮೇಷ್ಟ್ರ ಹೆಂಡತಿ ತಾವೇ ಚಹಾ ಮಾಡುತ್ತೇನೆಂದು ನಿಂತರು. ಬೇಡ ಅಂದರೂ ಕೇಳಲಿಲ್ಲ, ಕೈ ಖಾಲಿ ಇದ್ದರೆ ಕಷ್ಟ ಅಂದರು. ಅಡುಗೆಮನೆಗೆ ಸರಿಸಿದ್ದ ಊಟದ ಮೇಜಿನ ಸುತ್ತ ಇಕ್ಕಟ್ಟಿನಲ್ಲಿ ದಾರಿ ಮೇಡಂ, ಶಿಷ್ಯೆ ಚಹಾ ಲೋಟ ಹಿಡಿದು ಎದುರುಬದುರಾಗಿ ಕೂತಿದ್ದರು.

"ನಿನಗೆ ಒಂದು ಹೇಳಬೇಕು ಅಂತಿದ್ದೆ," ಎಂದರು ಮೇಡಂ. "ಅವರಿಗೂ ಹೇಳಿರಲಿಲ್ಲ, ಮೊನ್ನೆ ರಾತ್ರಿ ಹೊಳೆದಿದ್ದು. ಯಾವುದನ್ನ ಮರೀಬೇಕು ಅನ್ನೋ ಪ್ರಶ್ನೇನ ದಾರಿ ಹುಡುಕೋ ಪ್ರಶ್ನೆ ಮಾಡಿಬಿಟ್ರೆ ಹೇಗೆ?"

"ಅಂದ್ರೆ ಮೇಡಂ?"

ಮೇಜಿನ ಮೇಲೆ ಚಹಾ ಸ್ವಲ್ಪ ಚೆಲ್ಲಿತ್ತು. ಮೇಡಂ ಅದರಲ್ಲಿ ಬೆರಳು ಅದ್ದಿ ಒಂದು ಚೌಕ ಬರೆದರು, ಪಕ್ಕದಲ್ಲಿ ಇನ್ನೊಂದು. "ಇದು ಈಗಿನ ನೆನಪು. ಒಂದನ್ನ ಬಿಟ್ಟೆ ಅಂದ್ಕೋ, ಈ ಊರಿಗೆ ಬಂದೆ. ಬೇರೊಂದನ್ನ ಬಿಟ್ಟೆ, ಆ ಊರಿಗೆ ಹೋದೆ. ಬಿಟ್ಟಿದ್ದಕ್ಕೆ ತೆತ್ತ ಬೆಲೆನೇ ದಾರಿಯ ದೂರ. ಅತಿ ಹತ್ತಿರದ ದಾರಿ ಸಿಕ್ಕಿದ್ರೆ..."

"ಆದ್ರೆ ಮುಂದೆ ಏನು ಬೇಕಾಗುತ್ತೆ ಅಂತ ಮೊದಲೇ ಗೊತ್ತಿರಬೇಕಲ್ಲ ಮೇಡಂ. ಅದು ಗೊತ್ತಿರಲ್ಲ." ಶಿಷ್ಯೆಯೂ ಬೆರಳು ಅದ್ದಿದಳು. ಚೌಕದಿಂದ ಒಂದು ಗೆರೆ ಎಳೆದು ಅದನ್ನು ನಡುದಾರಿಯಲ್ಲೇ ಎರಡಾಗಿ ಒಡೆದಳು. "ಇಲ್ಲಿಗೆ ಬಂದ ಮೇಲಷ್ಟೇ ಮುಂದಿನದು ಕಾಣುತ್ತೆ."

"ಅದನ್ನ ನಾನು ಯಾಕೆ ಒಪ್ಪಲಿ?"

"ನೀವು ಒಪ್ಪಲೇಬೇಕು."

ಒಲೆಯ ಮುಂದೆ ನಿಂತಿದ್ದ ಮೇಷ್ಟ್ರ ಹೆಂಡತಿ ತಿರುಗಿ ನೋಡಿದರು. ಮೇಜಿನ ಮೇಲೆ ಮೊದಲು ಬರೆದ ಚೌಕಗಳು ಆಗಲೇ ಒಣಗುತ್ತಿದ್ದವು. ಇಬ್ಬರೂ ಅದನ್ನು ಗಮನಿಸದೆ ಉಳಿದ ಹಸಿಯ ಮೇಲೆ ಬೆರಳಾಡಿಸುತ್ತಾ ದನಿ ಏರಿಸಿದ್ದರು. ಆಕೆ ಹತ್ತಿರ ಬಂದರು. ತಮ್ಮ ಲೋಟ ಬಗ್ಗಿಸಿ, ಇಬ್ಬರ ನಡುವೆ ಮೇಜಿನ ಮೇಲೆ ಇನ್ನಷ್ಟು ಚಹಾ ಚೆಲ್ಲಿದರು.